ಅಣ್ಣನ ಹೊಟ್ಟೆಯ ತೂತು, ಮತ್ತು ಟೇಬಲ್ಲಿನಲ್ಲಿ ಇಲ್ಲದ ಕಾಲಂಗಳು

ಇದನ್ನ ಬರೀಬೇಕಾ ಬೇಡವಾ ಅಂತ ಎರಡು ವರ್ಷದಿಂದ ಯೋಚನೆ ಮಾಡ್ತಿದ್ದೆ. ಮನೆ ವಿಷಯ, ಅದೂ ಅಣ್ಣನ ಮೈ ವಿಷಯ. ಹೋದ ವಾರ ಅಣ್ಣನೇ ಹೇಳಿದ: "ಬರಿಯಮ್ಮ. ಹೆಸರು ಮಾತ್ರ ಹಾಕ್ಬೇಡ. ಇನ್ಯಾರಾದ್ರೂ ನನ್ನ ಥರ ಮನೆ ಮೂಲೇಲಿ ಬಿದ್ದಿದ್ರೆ ಓದ್ಲಿ." ಅದಕ್ಕೆ ಬರೀತಿದ್ದೀನಿ. ಉದ್ದ ಇದೆ. ಇದರಲ್ಲಿ ಹೇಲಿನ ವಿಷಯ ಬರುತ್ತೆ, ಊಟದ ವಿಷಯವೂ ಬರುತ್ತೆ. ಎರಡನ್ನೂ ಬೇರೆ ಬೇರೆ ಮಾಡಿ ಬರೆಯೋಕೆ ನನಗೆ ಆಗಲಿಲ್ಲ.

ನಮ್ಮದು ಕೆಜಿಎಫ್. ಮೈಸೂರು ಮೈನ್ಸ್‌ನ ಲೈನ್ ಮನೆ, ಮಾರಿಕುಪ್ಪಂ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ. ಮನೆ ಮಾತು ತೆಲುಗು, ಲೈನಿನ ಮಾತು ತಮಿಳು, ಇಸ್ಕೂಲಿನ ಮಾತು ಕನ್ನಡ. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಮಾಡಿದ್ದು ಒಂದೇ ಕೆಲಸ. ಲೈನಿನ ಒಣ ಕಕ್ಕಸ್ಸುಗಳಿಂದ ಬಕೆಟ್ಟಿನಲ್ಲಿ ಹೇಲು ಹೊರುವುದು. ನಮ್ಮೂರಿನಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಇಲ್ಲಿನ ಒಣ ಕಕ್ಕಸ್ಸುಗಳ ಫೋಟೊ ತೆಗೆದು, ದೂರು ಬರೆದು, 1993ರ ಕಾಯ್ದೆ ಎಲ್ಲಿದೆ ಅಂತ ಕೇಳಿದ ಕತೆ ನಿಮಗೆಲ್ಲ ಗೊತ್ತು. ಆಮೇಲೇನೇ ಅಮ್ಮನ ತಲೆ ಮೇಲಿಂದ ಬಕೆಟ್ ಇಳಿದಿದ್ದು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿಂದ ಈಚೆಗೆ ನಮ್ಮೂರಿನ ಗಣಿ ಅಂದ್ರೆ ಬೆಂಗಳೂರು. ಬೆಳಗಿನ ಕತ್ತಲಲ್ಲಿ ಮಾರಿಕುಪ್ಪಂನಲ್ಲಿ ರೈಲು ಹತ್ತಬೇಕು. ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಬರುವಷ್ಟರಲ್ಲಿ ನಿಲ್ಲೋಕೂ ಜಾಗ ಇರಲ್ಲ. ಹೌಸ್‌ಕೀಪಿಂಗ್, ಸೆಕ್ಯುರಿಟಿ, ಪೇಂಟಿಂಗ್, ಗಾರ್ಮೆಂಟ್ಸ್. ರಾತ್ರಿ ಒಂಬತ್ತಕ್ಕೆ ವಾಪಸ್ ಬಂದು ಮಲಗಿದರೆ ಮತ್ತೆ ನಾಲ್ಕಕ್ಕೆ ಏಳಬೇಕು. ಅಣ್ಣ ಬೆಂಗಳೂರಿನ ಒಂದು ಆಫೀಸ್ ಕಟ್ಟಡದಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಇದ್ದ, ಕಂಟ್ರಾಕ್ಟರ್ ಕೈಕೆಳಗೆ. ಸಂಬಳದಲ್ಲಿ ಇಎಸ್ಐ ಅಂತ ಹಿಡ್ಕೊಳ್ತಿದ್ದರು. ಕಾರ್ಡ್ ಮಾತ್ರ ಯಾವತ್ತೂ ಕೈಗೆ ಬರಲಿಲ್ಲ.

2022ರ ಜುಲೈ. ಅಣ್ಣನಿಗೆ 34 ವರ್ಷ. ಹೊಟ್ಟೆನೋವು ಶುರುವಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ "ಗ್ಯಾಸ್ಟ್ರಿಕ್" ಅಂತ ಇಂಜೆಕ್ಷನ್ ಹಾಕಿದರು. ನೋವು ಸ್ವಲ್ಪ ಇಳೀತು, ಕೆಲಸಕ್ಕೆ ಹೋದ. ಮಾರನೇ ದಿನ ಇನ್ನೊಂದು ಇಂಜೆಕ್ಷನ್, ಮತ್ತೆ ಕೆಲಸ. ರಜೆ ಹಾಕಿದ್ರೆ ಆ ದಿನದ ದುಡ್ಡು ಹೋಗುತ್ತೆ, ಮೂರು ದಿನ ಹಾಕಿದ್ರೆ ಕೆಲಸವೇ ಹೋಗುತ್ತೆ. ನಾಲ್ಕನೇ ದಿನ ಸಂಜೆ ರೈಲಿನಲ್ಲಿ ವಾಪಸ್ ಬರುವಾಗ ಬಾಗಿಲ ಹತ್ತಿರ ಕುಸಿದು ಬಿದ್ದ. ಗೆಳೆಯರು ಬಂಗಾರಪೇಟೆಯಲ್ಲಿ ಇಳಿಸಿ ಆಟೋ ಹಿಡಿದರು. ಅಪೆಂಡಿಕ್ಸ್ ಒಡೆದು ಹೊಟ್ಟೆ ತುಂಬ ಕೀವು ಆಗಿತ್ತು. ರಾತ್ರೋರಾತ್ರಿ ಆಪರೇಷನ್ ಆಯಿತು. ಯಾವ ಆಸ್ಪತ್ರೆ ಅಂತ ಬರೆಯಲ್ಲ. ಆ ರಾತ್ರಿ ಜೀವ ಉಳಿಸಿದ್ದೂ ಅವರೇ.

ಆರನೇ ದಿನ ಹೊಲಿಗೆ ಮಧ್ಯದಿಂದ ಕೀವು ಬಂತು. ಎಂಟನೇ ದಿನ ಬಂದಿದ್ದು ಕೀವಲ್ಲ. ವಾಸನೆ ನೋಡಿದ ಕೂಡಲೇ ಅಮ್ಮನಿಗೆ ಗೊತ್ತಾಯಿತು. ಡಾಕ್ಟರಿಗಿಂತ ಮುಂಚೆ ಅಮ್ಮ ಹೇಳಿದಳು: "ಇದು ಹೇಲು."

ಅದಕ್ಕೆ ಫಿಸ್ಟುಲಾ ಅಂತಾರೆ. ಈ ಹೆಸರು ಕೇಳಿದ ತಕ್ಷಣ ನೆಂಟರೆಲ್ಲ "ಅಯ್ಯೋ ಅದಾ, ಅದಕ್ಕೆ ಬಸ್‌ಸ್ಟ್ಯಾಂಡ್ ಹತ್ತಿರ ಬೋರ್ಡ್ ಇದೆ, ಪೈಲ್ಸ್, ಫಿಸ್ಟುಲಾ, ಆಪರೇಷನ್ ಇಲ್ಲದೆ ಗುಣ" ಅಂದರು. ಗೋಡೆ ಮೇಲೆ ಬರೆದಿರೋದು ಗುದದ ಹತ್ತಿರ ಆಗುವ ಫಿಸ್ಟುಲಾ. ಅಣ್ಣನಿಗೆ ಆಗಿದ್ದು ದೊಡ್ಡ ಕರುಳಿನ ಫಿಸ್ಟುಲಾ. ಕರುಳಿನಲ್ಲಿ ಎಲ್ಲೋ ಒಂದು ತೂತಾಗಿ, ಅಲ್ಲಿಂದ ಒಂದು ದಾರಿ ಮಾಡಿಕೊಂಡು ಮಲ ಎಲ್ಲಿ ಬರಬಾರದೋ ಅಲ್ಲಿ ಬರುವುದು. ಹೊಟ್ಟೆಯ ಚರ್ಮಕ್ಕೆ ಬರಬಹುದು, ಮೂತ್ರಕೋಶಕ್ಕೆ ಹೋಗಬಹುದು, ಹೆಂಗಸರಲ್ಲಿ ಯೋನಿಗೆ ಬರಬಹುದು, ಸಣ್ಣ ಕರುಳಿಗೆ ಸೇರಬಹುದು. ಚರ್ಮಕ್ಕೆ ಬರುವ ತೂತುಗಳಲ್ಲಿ ಹೆಚ್ಚಿನವು ಆಪರೇಷನ್ ಆದ ಮೇಲೆ ಆಗುವಂಥವು. ಕ್ಯಾನ್ಸರ್, ಟಿಬಿ, ಕರುಳಿನ ಹುಣ್ಣು-ಉರಿ, ಏಟು, ರೇಡಿಯೇಷನ್ ಇವುಗಳಿಂದಲೂ ಆಗುತ್ತೆ. ಎಲ್ಲ ಸಲವೂ ಡಾಕ್ಟರ್ ತಪ್ಪು ಅಂತಲ್ಲ. ನಾಲ್ಕು ದಿನ ಕೀವಿನಲ್ಲಿ ನೆನೆದ ಕರುಳು ಹೊಲಿಗೆ ಹಿಡಿಯಲ್ಲ. ಅಣ್ಣನ ಕರುಳು ನಾಲ್ಕು ದಿನ ಯಾಕೆ ನೆನೆಯಿತು ಅನ್ನೋದನ್ನ ಮೇಲೆ ಹೇಳಿದ್ದೀನಿ.

ಆ ವಾರ್ಡಿನಲ್ಲಿ ಅಣ್ಣನ ಮಂಚವನ್ನ ಮೂಲೆಗೆ, ಕಕ್ಕಸ್ಸಿನ ಬಾಗಿಲ ಪಕ್ಕಕ್ಕೆ ಎಳೆದು ಹಾಕಿದರು. ಪಕ್ಕದ ರೋಗಿಗಳು ವಾಸನೆ ಅಂತ ಗಲಾಟೆ ಮಾಡಿದ್ದರು. ಡ್ರೆಸಿಂಗ್‌ಗೆ ಬರುವವರು ದಿನಕ್ಕೆ ಒಂದು ಸಲ ಬಂದು, ದೂರ ನಿಂತು ಬಟ್ಟೆ ಬದಲಾಯಿಸಿ ಹೋಗೋರು. ಒಂದು ಗಂಟೆಯಲ್ಲಿ ಅದು ನೆನೆದುಹೋಗೋದು. ಮುಟ್ಟಿ ಒರೆಸುತ್ತಿದ್ದವಳು ಕಂಟ್ರಾಕ್ಟ್ ಆಯಾ ಒಬ್ಬಳೇ. ಅವಳು ಯಾವ ಕೇರಿಯವಳು ಅಂತ ನಾನು ಕೇಳಲಿಲ್ಲ, ಅವಳೂ ನಮ್ಮನ್ನ ಕೇಳಲಿಲ್ಲ. ಕೇಳೋ ಅವಶ್ಯಕತೆ ಇಬ್ಬರಿಗೂ ಇರಲಿಲ್ಲ.

ಹದಿನೈದು ದಿನಕ್ಕೆ "ಮನೆಗೆ ಹೋಗಿ ಡ್ರೆಸಿಂಗ್ ಮಾಡಿಸಿ" ಅಂತ ಕಳಿಸಿದರು.

ಮನೆ ಅಂದ್ರೆ ಒಂದೇ ಕೋಣೆ. ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು, ಅಮ್ಮ, ನಾನು. ಲೈನಿಗೆಲ್ಲ ಸೇರಿ ಕಕ್ಕಸ್ಸು. ನೀರು ಯಾವಾಗ ಬರುತ್ತೋ ಅವಾಗ ಡ್ರಮ್ಮಿಗೆ ತುಂಬಿಸ್ಕೋಬೇಕು. ಹೊಟ್ಟೆಯಿಂದ ಬರೋ ಆ ನೀರು ಚರ್ಮವನ್ನ ಸುಡುತ್ತೆ. ಮೂರು ದಿನದಲ್ಲಿ ಅಣ್ಣನ ಹೊಟ್ಟೆ ಬೆಂಕಿ ಬಿದ್ದ ಹಾಗೆ ಕೆಂಪಾಗಿ ಸಿಪ್ಪೆ ಸುಲಿಯಿತು. ಅಮ್ಮ ಕೊಬ್ಬರಿ ಎಣ್ಣೆ, ಅರಿಶಿನ ಹಚ್ಚಿದಳು. ಹಾಲಿನ ಕವರ್ ಕತ್ತರಿಸಿ ಟೇಪ್ ಹಾಕಿ ಅಂಟಿಸಿದಳು. ಒದ್ದೆ ಚರ್ಮಕ್ಕೆ ಟೇಪ್ ನಿಲ್ಲಲ್ಲ. ಅಣ್ಣ ದಿನಕ್ಕೆ ಎರಡು ಪ್ಯಾಕೆಟ್ ಊದುಬತ್ತಿ ಹಚ್ಚುತ್ತಿದ್ದ. ಮಕ್ಕಳನ್ನ ಹತ್ತಿರ ಸೇರಿಸುತ್ತಿರಲಿಲ್ಲ. ನಾನು ಒಳಗೆ ಬಂದರೆ ಹೊದಿಕೆ ಎಳ್ಕೊಂಡು "ನೀನು ಹೊರಗೆ ಹೋಗಮ್ಮ" ಅನ್ನುತ್ತಿದ್ದ. ಊಟ ಬಿಟ್ಟ. ತಿಂದ್ರೆ ತಾನೇ ಬರೋದು, ತಿನ್ನದೇ ಇದ್ರೆ ಬರಲ್ಲ ಅನ್ನೋದು ಅವನ ಲೆಕ್ಕ. ಆಸ್ಪತ್ರೆ ಸೇರುವ ಮುಂಚೆ 58 ಕೆಜಿ ಇದ್ದವನು 43ಕ್ಕೆ ಇಳಿದ.

ನೋಡಿ, ನಾನು ಹತ್ತು ವರ್ಷದಿಂದ ವೇದಿಕೆ ಮೇಲೆ ಮೈಲಿಗೆ ಬಗ್ಗೆ ಮಾತಾಡಿದವಳು. ಆದರೆ ಅಣ್ಣ ತನ್ನ ಮನೆಯೊಳಗೇ ತನ್ನನ್ನ ತಾನೇ ಹೊರಗಿಟ್ಟುಕೊಂಡ. ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ. ಯಾರೂ ಅವನಿಗೆ ಹಾಗೆ ಮಾಡು ಅಂತ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಬಟ್ಟೆ ಬದಲಾಯಿಸುತ್ತಿದ್ದಳು. ಮೂಗು ಮುಚ್ಚಿರಲಿಲ್ಲ. ನನಗೆ ತಡೆಯೋಕೆ ಆಗಲಿಲ್ಲ. "ಬಿಡಮ್ಮ, ನಾನು ಮಾಡ್ತೀನಿ. ಈ ವಯಸ್ಸಲ್ಲಿ ಮತ್ತೆ ನಿನಗೆ ಇದೇ ಕೆಲಸಾನಾ" ಅಂದೆ. ಅಮ್ಮ ತಲೆ ಎತ್ತಲಿಲ್ಲ. "ಅದು ಊರವರದ್ದು ಕಣೇ. ಹೊಟ್ಟೆಪಾಡಿಗೆ, ಭಯಕ್ಕೆ ಹೊತ್ತಿದ್ದು. ಇದು ನನ್ನ ಮಗನ ಹೊಟ್ಟೆ. ಎರಡನ್ನೂ ಒಂದು ಮಾಡಿ ಭಾಷಣ ಮಾಡ್ಬೇಡ" ಅಂದಳು.

ಅದಕ್ಕೆ ನಾನು ಆ ಭಾಷಣ ಮಾಡ್ತಿಲ್ಲ. ಬೇರೆ ಒಂದು ವಿಷಯ ಹೇಳ್ತೀನಿ, ಅದರಲ್ಲಿ ನನ್ನ ತಪ್ಪೂ ಇದೆ.

ಜ್ವರ ಏರಿದಾಗ ಬೆಂಗಳೂರಿನ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದೆವು. ಸ್ಕ್ಯಾನ್ ಮಾಡಿದರು. ಒಳಗೆ ಒಂದು ಕಡೆ ಕೀವು ನಿಂತಿತ್ತು, ಪೈಪ್ ಹಾಕಿ ತೆಗೆದರು. ಗ್ಲೂಕೋಸ್, ಉಪ್ಪಿನಂಶ, ಆಂಟಿಬಯಾಟಿಕ್, ರಕ್ತ. ಹಿಮೋಗ್ಲೋಬಿನ್ 7.8, ಅಲ್ಬುಮಿನ್ 2.1. ಅಲ್ಬುಮಿನ್ ಅಂದ್ರೆ ರಕ್ತದಲ್ಲಿರೋ ಒಂದು ಪ್ರೋಟೀನ್, 3.5ರ ಮೇಲೆ ಇರಬೇಕು. ಜ್ವರ ಇಳೀತು. "ಯಾವಾಗ ಸಾರ್ ತೂತು ಮುಚ್ಚೋ ಆಪರೇಷನ್" ಅಂತ ಕೇಳಿದೆ. "ಈಗಿಲ್ಲ. ನಾಲ್ಕೈದು ತಿಂಗಳು ಹೋಗಲಿ. ತಾನಾಗೇ ಮುಚ್ಚಿದ್ರೂ ಮುಚ್ಚಬಹುದು. ಮೊದಲು ಚೆನ್ನಾಗಿ ತಿನ್ನಿಸಿ" ಅಂದರು.

ನನಗೆ ರಕ್ತ ಕುದೀತು. ಹೊಟ್ಟೆಯಿಂದ ಹೇಲು ಬರ್ತಿರೋನಿಗೆ ನಾಲ್ಕೈದು ತಿಂಗಳು ಕಾಯಿ ಅಂತಾರಲ್ಲ, ಇದೇ ದುಡ್ಡಿರೋನು, ಮೇಲ್ಜಾತಿಯವನು ಆಗಿದ್ರೆ ಹೀಗೆ ಹೇಳ್ತಿದ್ರಾ ಅಂತ. ಮಾರನೇ ದಿನ ಸಂಘಟನೆಯ ಆರು ಜನರನ್ನ ಕರ್ಕೊಂಡು ಹೋದೆ. ಓಪಿಡಿ ಮುಂದೆ ಕೂಗಾಡಿದೆವು. "ಆಪರೇಷನ್ ಮಾಡಿ, ಇಲ್ಲಾಂದ್ರೆ ಬರೆದು ಕೊಡಿ" ಅಂದೆವು.

ಆ ಸರ್ಜನ್ ವಯಸ್ಸಾದವರು. ಬೈಯಲಿಲ್ಲ. ಓಪಿ ಚೀಟಿ ಹಿಂದೆ ಕರುಳಿನ ಚಿತ್ರ ಬರೆದು ತೋರಿಸಿದರು. "ನೋಡಮ್ಮ, ಒಳಗೆ ಈಗ ಎಲ್ಲಾ ಅಂಟು ಅಂಟು. ಒಂದು ಕರುಳು ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಕೈಗೆ ಸಿಗಲ್ಲ. ಈಗ ಕೈ ಹಾಕಿದ್ರೆ ಒಂದು ತೂತು ಮೂರಾಗುತ್ತೆ. ಮೈಯಲ್ಲಿ ಪ್ರೋಟೀನ್ ಇಲ್ಲ, ಹಾಕಿದ ಹೊಲಿಗೆ ಕೂಡಲ್ಲ. ನಾನು ನಾಳೆನೇ ಮಾಡಬಹುದು. ನಿಮ್ಮಣ್ಣ ಉಳಿಯಲ್ಲ."

ಆಮೇಲೆ ಓದಿದೆ, ಕೇಳಿ ತಿಳ್ಕೊಂಡೆ. ಅವರು ಹೇಳಿದ್ದು ಪೂರ್ತಿ ಸರಿ. 1960ರಲ್ಲಿ ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯ ಸರ್ಜನ್‌ಗಳು ಇಂಥ ಹೊಟ್ಟೆ-ಕರುಳಿನ ತೂತುಗಳ ಲೆಕ್ಕ ಹಾಕಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನ ಸತ್ತಿದ್ದರು. ಕೊಂದಿದ್ದು ಮೂರು: ನಂಜು, ಅಪೌಷ್ಟಿಕತೆ, ಮೈಯಿಂದ ನೀರು-ಉಪ್ಪು ಸೋರಿಹೋಗುವುದು. 1964ರಲ್ಲಿ ಅಮೆರಿಕದ್ದೇ ಇನ್ನೊಂದು ತಂಡ ತೋರಿಸಿಕೊಟ್ಟಿತು: ಸಾಕಷ್ಟು ಆಹಾರ ಸಿಕ್ಕ ರೋಗಿಗಳಲ್ಲಿ ಸಾವು ತುಂಬಾ ಕಮ್ಮಿ, ಸಿಗದವರಲ್ಲಿ ತುಂಬಾ ಜಾಸ್ತಿ. ಅಲ್ಲಿಂದ ಈ ಕಾಯಿಲೆಯ ಚಿಕಿತ್ಸೆಯ ಕ್ರಮವೇ ಬದಲಾಯಿತು. ಮೊದಲು ನೀರು-ಉಪ್ಪು ಸರಿ ಮಾಡು, ಕೀವು ತೆಗಿ, ಚರ್ಮ ಕಾಪಾಡು, ಊಟ ಕೊಡು. ಆಮೇಲೆ ತೂತು ಎಲ್ಲಿದೆ ಅಂತ ಸರಿಯಾಗಿ ನೋಡು. ಕಾಯಿ. ಕೊನೆಗೆ ಬೇಕಾದ್ರೆ ಮಾತ್ರ ಕತ್ತಿ.

ಡಾಕ್ಟರುಗಳು ಇನ್ನೊಂದು ಲೆಕ್ಕವನ್ನೂ ನೋಡ್ತಾರೆ. ದಿನಕ್ಕೆ 200 ಎಂಎಲ್‌ಗಿಂತ ಕಮ್ಮಿ ಬಂದರೆ ಕಮ್ಮಿ ಹರಿವು, 500ಕ್ಕಿಂತ ಮೇಲೆ ಹೋದರೆ ಹೆಚ್ಚು ಹರಿವು. ದೊಡ್ಡ ಕರುಳಿನದ್ದು ಸಾಮಾನ್ಯವಾಗಿ ಕಮ್ಮಿ ಹರಿವು, ಸಣ್ಣ ಕರುಳಿಗಿಂತ ತಾನಾಗೇ ಮುಚ್ಚುವ ಸಾಧ್ಯತೆ ಜಾಸ್ತಿ. ಮುಚ್ಚೋದಾದ್ರೆ ಹೆಚ್ಚಾಗಿ ನಂಜು ಹೋದ ಮೇಲೆ ನಾಲ್ಕರಿಂದ ಆರು ವಾರದೊಳಗೆ ಮುಚ್ಚುತ್ತೆ. ಮುಂದೆ ಕರುಳು ಕಟ್ಟಿಕೊಂಡಿದ್ರೆ, ಒಳಗೆ ಕೀವು ಉಳಿದಿದ್ರೆ, ಕ್ಯಾನ್ಸರ್ ಇದ್ರೆ, ರೇಡಿಯೇಷನ್ ಆಗಿದ್ರೆ, ಆ ದಾರಿಯಲ್ಲೇ ಚರ್ಮ ಬೆಳೆದುಬಿಟ್ಟಿದ್ರೆ ಮುಚ್ಚಲ್ಲ.

ಅಂದ್ರೆ ಕಾಯುವುದೇ ಚಿಕಿತ್ಸೆ. ಇದು ಅರ್ಥ ಆದಾಗ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಯಾಕಂದ್ರೆ ಡಾಕ್ಟರ್ ಹೇಳಿದ ಔಷಧಿಯ ಚೀಟಿಯನ್ನ ಬಿಡಿಸಿ ಓದಿದರೆ ಹೀಗಿತ್ತು: ನಾಲ್ಕೈದು ತಿಂಗಳು ಕೆಲಸಕ್ಕೆ ಹೋಗದೆ ಇರಬೇಕು. ದಿನಕ್ಕೆ 70-80 ಗ್ರಾಂ ಪ್ರೋಟೀನ್ ತಿನ್ನಬೇಕು. ಚೀಲ ಹಾಕೋಬೇಕು. ಶುದ್ಧ ನೀರಲ್ಲಿ ತೊಳೀಬೇಕು. ಹದಿನೈದು ದಿನಕ್ಕೊಮ್ಮೆ ಬೆಂಗಳೂರಿಗೆ ಬರಬೇಕು. ಇದರಲ್ಲಿ ಯಾವುದನ್ನೂ ಯಾವ ಮೆಡಿಕಲ್ ಸ್ಟೋರಿನವರೂ ಕೊಡಲ್ಲ. ಆಪರೇಷನ್‌ಗೆ ಕಾರ್ಡ್ ಇತ್ತು, ಬಿಪಿಎಲ್ ಕಾರ್ಡಿನ ಮೇಲೆ ಆಯುಷ್ಮಾನ್ ಇತ್ತು. ಕಾಯೋದಕ್ಕೆ ಯಾವ ಕಾರ್ಡೂ ಇರಲಿಲ್ಲ. ಬೆಡ್ಡೂ ಇರಲಿಲ್ಲ. ಆಪರೇಷನ್ ಇಲ್ಲದವನನ್ನ ತಿಂಗಳುಗಟ್ಟಲೆ ವಾರ್ಡಿನಲ್ಲಿ ಇಟ್ಕೊಳ್ಳೋಕೆ ಆಗಲ್ಲ ಅಂತ ಮೂರು ವಾರಕ್ಕೆ ಮನೆಗೆ ಕಳಿಸಿದರು.

ಆ ಮೂರು ವಾರದಲ್ಲಿ ಒಬ್ಬರು ಪಿಜಿ ಡಾಕ್ಟರ್ ಹುಡುಗಿ ಪರಿಚಯ ಆದರು. ಇದೇ ಕಾಯಿಲೆ ಬಗ್ಗೆ ಥೀಸಿಸ್ ಮಾಡ್ತಿದ್ದರು. ನಾನು ಕೇಳಿದ್ದಕ್ಕೆ ಲ್ಯಾಪ್‌ಟಾಪಿನಲ್ಲಿ ತಮ್ಮ ಟೇಬಲ್ ತೋರಿಸಿದರು. ಮೇಲೆ "ರೋಗಿಗಳ ಲಕ್ಷಣಗಳು" ಅಂತ. ಕೆಳಗೆ ವಯಸ್ಸು, ಗಂಡು-ಹೆಣ್ಣು, ಕಾರಣ, ಹರಿವು, ಹಿಮೋಗ್ಲೋಬಿನ್, ಅಲ್ಬುಮಿನ್. ಕೊನೆ ಕಾಲಂ "ಫಲಿತಾಂಶ": ಮುಚ್ಚಿತು, ಆಪರೇಷನ್ ಆಯಿತು, ತೀರಿಕೊಂಡರು. ಹೆಸರಿಲ್ಲ, ಬರೀ ನಂಬರ್. ಅಣ್ಣನೂ ಅದರಲ್ಲಿ ಒಂದು ನಂಬರ್.

ಆ ಟೇಬಲ್ ಸುಳ್ಳಲ್ಲ. ಅದರಿಂದಲೇ ಮುಂದಿನ ರೋಗಿ ಉಳೀತಾನೆ. ಆದರೆ ನಾನು ಅದನ್ನ ನೋಡ್ತಾ ನೋಡ್ತಾ ನನ್ನದೇ ಒಂದು ಟೇಬಲ್ ಮಾಡ್ಕೊಂಡೆ. ಆ ಮೂರು ವಾರ ನಾನು ಕಂಡ ನಾಲ್ಕು ಜನ.

ಒಬ್ಬ 19 ವರ್ಷದ ಹುಡುಗ. ಬೈಕ್ ಆಕ್ಸಿಡೆಂಟಿನಲ್ಲಿ ಹೊಟ್ಟೆಗೆ ಏಟು, ಆಪರೇಷನ್ ಆದ ಮೇಲೆ ತೂತು. ಅವನಪ್ಪನದು ಪ್ರಾವಿಷನ್ ಅಂಗಡಿ. ದಿನಾ ಮನೆಯಿಂದ ಕೋಳಿ ಸೂಪು, ಮೊಟ್ಟೆ, ಡಬ್ಬದ ಪ್ರೋಟೀನ್ ಪುಡಿ. ಐದು ವಾರಕ್ಕೆ ತಾನಾಗೇ ಮುಚ್ಚಿತು ಅಂತ ಆಮೇಲೆ ಗೊತ್ತಾಯಿತು. ಅವನದು ಸಣ್ಣ ತೂತು, ಕೀವೂ ಇರಲಿಲ್ಲ. ಅದನ್ನೂ ಹೇಳಬೇಕು.

ಇನ್ನೊಬ್ಬರು ಮುಳಬಾಗಿಲು ಕಡೆಯ ಕಲ್ಲು ಒಡೆಯುವ ತಾತ. ಕರುಳಿನ ಕ್ಯಾನ್ಸರ್ ಹೊಟ್ಟೆಯ ಗೋಡೆಗೆ ಹತ್ತಿ ತೂತಾಗಿತ್ತು. ಒಂದು ವರ್ಷದಿಂದ ಮಲದಲ್ಲಿ ರಕ್ತ ಹೋಗ್ತಿತ್ತಂತೆ. ಮೂಲವ್ಯಾಧಿ ಅಂತ ನಾಟಿ ಔಷಧಿ ಕುಡಿದಿದ್ದರು. ಮೇಲಿನಿಂದ ಮಲ ಬೇರೆ ದಾರಿಗೆ ತಿರುಗಿಸಿ ಚೀಲ ಹಾಕಿದರು. ನಾವು ಅಲ್ಲಿರುವಾಗಲೇ ಒಂದು ಬೆಳಗಿನ ಜಾವ ತೀರಿಕೊಂಡರು. ಮಗ ಹೆಣ ಊರಿಗೆ ಒಯ್ಯೋಕೆ ಗಾಡಿ ಬಾಡಿಗೆಗೆ ವಾರ್ಡಿನಲ್ಲಿ ಎಲ್ಲರ ಹತ್ತಿರ ಕೇಳಿದ.

ಮೂರನೆಯವರನ್ನ ಕಂಡಿದ್ದು ಸ್ಕ್ಯಾನ್ ಕ್ಯೂನಲ್ಲಿ. ಶ್ರೀನಿವಾಸಪುರದ ಕಡೆ ಟೊಮೆಟೊ ತೋಟದ ಕೂಲಿ ಅಕ್ಕ, ನಲವತ್ತು ದಾಟಿರಲಿಲ್ಲ. ಹತ್ತು ವರ್ಷದ ಹಿಂದೆಯೇ ಗರ್ಭಕೋಶ ತೆಗೆಸಿದ್ದರಂತೆ. ಕರುಳಿಗೂ ಯೋನಿಗೂ ನಡುವೆ ಗರ್ಭಕೋಶ ಒಂದು ಗೋಡೆ ಥರ ಇರುತ್ತೆ. ಅದಿಲ್ಲದ ಹೆಂಗಸರಲ್ಲೇ ಈ ಥರದ ಫಿಸ್ಟುಲಾ ಹೆಚ್ಚು ಅಂತ ಡಾಕ್ಟರ್ ಹುಡುಗಿ ಹೇಳಿದರು. ಎಂಟು ತಿಂಗಳು ಯೋನಿಯಲ್ಲಿ ಗಾಳಿ, ಮಲ ಬರ್ತಿದ್ದನ್ನ ಆ ಅಕ್ಕ ಗಂಡನಿಗೂ ಹೇಳಿರಲಿಲ್ಲ. ಬಿಳಿಸೆರಗು ಅಂತ ಮಾತ್ರೆ ನುಂಗಿದ್ದರು. "ತೋಟದಲ್ಲಿ ಎಲ್ಲರಿಗಿಂತ ದೂರದ ಸಾಲು ಹಿಡೀತಿದ್ದೆ ಕಣಮ್ಮ, ವಾಸನೆ ಬರುತ್ತೆ ಅಂತ" ಅಂದರು. ಆಪರೇಷನ್ ಆಗಿ ವಾಸಿಯಾಗಿ ಹೋದರು. ಎರಡು ಸಲ ಫೋನ್ ಮಾಡಿದ್ದರು.

ನಾಲ್ಕನೆಯವನು ಅಣ್ಣ.

ನನ್ನ ಟೇಬಲ್ಲಿಗೆ ಬೇಕಾಗಿದ್ದ ಕಾಲಂಗಳು ಇವು. ಮೊದಲ ನೋವಿಗೂ ಮೊದಲ ಸರಿಯಾದ ಡಾಕ್ಟರಿಗೂ ನಡುವೆ ಎಷ್ಟು ದಿನ, ಆ ದಿನಗಳಲ್ಲಿ ಎಷ್ಟು ದಿನ ಕೂಲಿಗೆ ಹೋದರು. ಮನೆಯಲ್ಲಿ ನಲ್ಲಿ ಇದೆಯಾ, ಕಕ್ಕಸ್ಸು ಇದೆಯಾ. ತಟ್ಟೆಯಲ್ಲಿ ಏನಿತ್ತು. ಬಟ್ಟೆ ಯಾರು ಬದಲಾಯಿಸಿದರು. ಜಾತಿ ಯಾವುದು. ಅಲ್ಬುಮಿನ್ 2.1 ಅನ್ನೋದನ್ನ ರೋಗಿಯ ಲಕ್ಷಣ ಅಂತ ಬರೀತಾರೆ. ಕಾಯಿಲೆಯ ನಂಜೂ ಅದನ್ನ ಇಳಿಸುತ್ತೆ, ನಿಜ. ಆದರೆ ಕಾಯಿಲೆ ಬರುವ ಮುಂಚೆ ಅಣ್ಣ ಬೆಳಿಗ್ಗೆ ನಾಲ್ಕಕ್ಕೆ ಟೀ-ಬನ್ನು, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಮುದ್ದೆ-ಸಾರು ತಿನ್ನುತ್ತಿದ್ದವನು. ಆ ನಂಬರಿನಲ್ಲಿ ಅದೂ ಇದೆ.

ಮನೆಗೆ ಬಂದ ಮೇಲೆ ನಮ್ಮ ಹೋರಾಟ ಎಲ್ಲಾ ತಟ್ಟೆಯ ಹೋರಾಟ. ಒಂದು ಮೊಟ್ಟೆಯಲ್ಲಿ ಹತ್ತಿರ ಹತ್ತಿರ 6 ಗ್ರಾಂ ಪ್ರೋಟೀನ್. ದಿನಕ್ಕೆ ಆರು ಮೊಟ್ಟೆ ತಿಂದರೂ ಅರ್ಧ ದಾರಿ. ಆಗ ರೇಷನ್ನಿನಲ್ಲಿ ಬರುತ್ತಿದ್ದುದು ಅಕ್ಕಿ, ರಾಗಿ. ಬೇಳೆಗೆ ದುಡ್ಡು, ಹಾಲಿಗೆ ದುಡ್ಡು. ನಮ್ಮಂಥವರ ಮನೆಯಲ್ಲಿ ಕಮ್ಮಿ ದುಡ್ಡಿಗೆ ಮೈಗೆ ಹತ್ತುವ ಊಟ ಅಂದ್ರೆ ಮೊದಲಿಂದಲೂ ದೊಡ್ಡ ಮಾಂಸ. ಅಪ್ಪ ಕಾಯಿಲೆ ಬಿದ್ದಾಗಲೂ ಅಮ್ಮ ಮೂಳೆ ಸಾರು ಕಾಯಿಸಿಯೇ ಎಬ್ಬಿಸಿದ್ದು. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ನಿಷೇಧ ಕಾಯ್ದೆಯಲ್ಲಿ 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟು ಬೇರೆ ಯಾವುದನ್ನೂ ಕಡಿಯೋ ಹಾಗಿಲ್ಲ. ನಮ್ಮ ಕಡೆ ಅಂಗಡಿ ಮುಚ್ಚಿದವು, ಸಿಕ್ಕಿದ ಕಡೆ ರೇಟು ಏರಿತು, ತಗೊಂಡು ಬರೋಕೂ ಭಯ. ಮಕ್ಕಳ ಬಿಸಿಯೂಟದ ತಟ್ಟೆಗೆ ಮೊಟ್ಟೆ ಹಾಕಬೇಡಿ ಅಂತ ಕೆಲವು ಸ್ವಾಮಿಗಳು ಗಲಾಟೆ ಮಾಡಿದ್ದೂ ಅದೇ ವರ್ಷದ ಕೊನೆಗೆ. ಡಾಕ್ಟರ್ ಚೀಟಿಯಲ್ಲಿ ಪ್ರೋಟೀನ್ ಅಂತ ಬರೀತಾರೆ, ಕಾಯ್ದೆ ಪುಸ್ತಕದಲ್ಲಿ ಅದನ್ನ ಅಪರಾಧ ಅಂತ ಬರೀತಾರೆ. ಎರಡೂ ಸರ್ಕಾರದ ಕಾಗದವೇ.

ಅತ್ತಿಗೆ ಗಾರ್ಮೆಂಟ್ಸ್‌ಗೆ ಸೇರಿದಳು. ಸಂಘಟನೆಯ ಗೆಳೆಯರು ದಿನಕ್ಕೊಬ್ಬರ ಮನೆಯಿಂದ ಮೊಟ್ಟೆ ಅಂತ ಪಾಳಿ ಹಾಕಿಕೊಂಡರು. ಓಪಿಡಿ ಮುಂದೆ ನನ್ನ ಜೊತೆ ಕೂಗಾಡಿದ ಅದೇ ಆರು ಜನ. ಅವತ್ತಿನ ಕೂಗಿಗಿಂತ ಈ ಮೊಟ್ಟೆಗಳೇ ಅಣ್ಣನನ್ನ ಉಳಿಸಿದ್ದು.

ಇನ್ನು ಚೀಲ. ಸ್ಟೋಮಾ ಬ್ಯಾಗ್ ಅಂತ ಕೇಳಿ. ಆಗ ಒಂದಕ್ಕೆ 250ರಿಂದ 300 ರೂಪಾಯಿ ಕೊಟ್ಟೆವು, ಅದೂ ಬೆಂಗಳೂರಿನಿಂದ ತರಬೇಕಿತ್ತು. ಆಸ್ಪತ್ರೆಯ ಸ್ಟೋಮಾ ನರ್ಸ್ ಅಮ್ಮನಿಗೆ ಕೂರಿಸಿ ಕಲಿಸಿದರು. ತೂತಿನ ಅಳತೆ ಕಾಗದದ ಮೇಲೆ ತೆಗೆದು, ಅದಕ್ಕಿಂತ ಎರಡು-ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಚೀಲದ ಬಾಯಿ ಕತ್ತರಿಸೋದು. ಚರ್ಮ ಒಣಗಿಸಿ, ಪುಡಿ ಹಾಕಿ, ಪೇಸ್ಟ್ ಹಚ್ಚಿ ಅಂಟಿಸೋದು. ಮೂರನೇ ಒಂದು ಭಾಗ ತುಂಬುತ್ತಲೇ ಖಾಲಿ ಮಾಡೋದು, ಪೂರ್ತಿ ತುಂಬಿದ್ರೆ ಭಾರಕ್ಕೆ ಕಿತ್ತು ಬರುತ್ತೆ. ಸರಿಯಾಗಿ ಹಾಕಿದರೆ ಮೂರು-ನಾಲ್ಕು ದಿನ ಬರುತ್ತೆ. ಅಮ್ಮನಿಗೆ ಓದು ಬರಲ್ಲ. ಒಂದೇ ಸಲಕ್ಕೆ ಕಲಿತಳು. ಆ ನರ್ಸ್ "ಅಮ್ಮ, ನಿಮ್ಮ ಕೈ ಚೆನ್ನಾಗಿದೆ" ಅಂದರು. ಅಮ್ಮ ಮನೆಗೆ ಬಂದು ಆ ಮಾತನ್ನ ಲೈನಿಗೆಲ್ಲ ಹೇಳಿದಳು. ಜೀವನವಿಡೀ ಅವಳ ಕೈ ನೋಡಿ ಯಾರೂ ಹಾಗೆ ಹೇಳಿರಲಿಲ್ಲ.

ಚೀಲ ನಿಂತ ದಿನ ಅಣ್ಣ ಮಕ್ಕಳ ಪಕ್ಕ ಮಲಗಿದ. ಚರ್ಮ ಹತ್ತು ದಿನಕ್ಕೆ ವಾಸಿಯಾಯಿತು. ಊದುಬತ್ತಿ ನಿಂತಿತು. ಇಡೀ ಚಿಕಿತ್ಸೆಯಲ್ಲಿ ಇದಕ್ಕಿಂತ ದೊಡ್ಡ ಔಷಧಿ ನಾನು ಕಂಡಿಲ್ಲ. ಮೊದಲ ಆಸ್ಪತ್ರೆಯಲ್ಲೇ ಎಂಟನೇ ದಿನ ಒಂದು ಚೀಲ, ಅದನ್ನ ಹಾಕೋಕೆ ಗೊತ್ತಿರುವ ಒಬ್ಬ ನರ್ಸ್ ಇದ್ದಿದ್ದರೆ ಅಣ್ಣ ತಟ್ಟೆ-ಲೋಟ ಬೇರೆ ಇಟ್ಟುಕೊಳ್ಳುವ ಸ್ಥಿತಿಯೇ ಬರುತ್ತಿರಲಿಲ್ಲ.

ತೂತು ಎಂಟನೇ ವಾರಕ್ಕೆ ಒಣಗಿತು. ಹಬ್ಬ ಮಾಡಿದೆವು. ಹನ್ನೆರಡು ದಿನಕ್ಕೆ ಮತ್ತೆ ತೆರೆದುಕೊಂಡಿತು. ಅಣ್ಣ ಅವತ್ತು ಗೋಡೆ ಕಡೆ ತಿರುಗಿ ಮಲಗಿದವನು ಎರಡು ದಿನ ಮಾತಾಡಲಿಲ್ಲ. ಆದರೆ ಊಟ ಬಿಡಲಿಲ್ಲ. 2023ರ ಜನವರಿಯಲ್ಲಿ ತೂಕ 52, ಅಲ್ಬುಮಿನ್ 3.6. ಆಗ ಅದೇ ಸರ್ಜನ್ ಆಪರೇಷನ್ ಮಾಡಿದರು. ಬಲಗಡೆಯ ಕರುಳಿನ ಕೆಟ್ಟ ಭಾಗ ತೆಗೆದು ಕೂಡಿಸಿದರು. ಏಳನೇ ದಿನ, ಎಂಟನೇ ದಿನ ನಾವ್ಯಾರೂ ನಿದ್ದೆ ಮಾಡಲಿಲ್ಲ. ಹೊಲಿಗೆ ಒಣಗಿಯೇ ಇತ್ತು. ಹನ್ನೊಂದನೇ ದಿನ ನಡ್ಕೊಂಡು ಹೊರಗೆ ಬಂದ.

ಪಿಜಿ ಡಾಕ್ಟರ್ ಟೇಬಲ್ಲಿನಲ್ಲಿ ಅಣ್ಣನ ಮುಂದೆ "ಆಪರೇಷನ್, ಗುಣ" ಅಂತ ಬರೆದಿರಬೇಕು. ನಿಜ. ನನ್ನ ಟೇಬಲ್ಲಿನಲ್ಲಿ ಇನ್ನೂ ಇದೆ: ಕೆಲಸ ಹೋಯಿತು. 85 ಸಾವಿರ ಸಾಲ, ಇವತ್ತಿಗೂ ಪೂರ್ತಿ ತೀರಿಲ್ಲ. ಅತ್ತಿಗೆಯ ಕಿವಿಯೋಲೆ ಹೋಯಿತು. ದೊಡ್ಡ ಮಗಳು ಒಂದು ವರ್ಷ ಸ್ಕೂಲು ಬಿಟ್ಟಳು. ಅಣ್ಣ ಭಾರ ಎತ್ತೋ ಹಾಗಿಲ್ಲ. ಈಗ ರಾಬರ್ಟ್‌ಸನ್‌ಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ನೋಡ್ಕೊಳ್ತಾನೆ.

ನಮ್ಮೂರಿನಲ್ಲಿ ಗಣಿಯ ದೊಡ್ಡ ಆಸ್ಪತ್ರೆ ಇತ್ತು. ಗಣಿ ಜೊತೆ ಅದೂ ಮುಚ್ಚಿತು. 2021ರ ಕೋವಿಡ್‌ನಲ್ಲಿ ಇಪ್ಪತ್ತು ವರ್ಷದ ಧೂಳು ಕೊಡವಿ ಅಲ್ಲೇ ಹಾಸಿಗೆ ಹಾಕಿದರು. ಅಂದ್ರೆ ಮನಸ್ಸು ಮಾಡಿದರೆ ಆಗುತ್ತೆ ಅಂತ ನಾವೆಲ್ಲ ಕಣ್ಣಾರೆ ನೋಡಿದ್ದೀವಿ.

ಹಾಗಾಗಿ ಸಂಗಾತಿಗಳೇ, ನಾವು ಆಸ್ಪತ್ರೆ ಮುಂದೆ ನಿಂತಾಗ "ಆಪರೇಷನ್ ಮಾಡಿ" ಅಂತ ಮಾತ್ರ ಕೇಳೋದು ಸಾಕಾಗಲ್ಲ. ನಾನೇ ಆ ತಪ್ಪು ಮಾಡಿದವಳು. ಕಾಯುವುದೂ ಚಿಕಿತ್ಸೆ ಅಂತಾದ್ರೆ ಕಾಯುವುದಕ್ಕೂ ಪ್ಯಾಕೇಜ್ ಕೊಡಿ ಅಂತ ಕೇಳೋಣ. ಚೀಲ, ಪೇಸ್ಟ್ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗಬೇಕು. ಚೀಲ ಹಾಕೋದನ್ನ ಕಲಿತ ಒಬ್ಬ ನರ್ಸ್ ಪ್ರತಿ ತಾಲ್ಲೂಕಿಗೆ ಬೇಕು. ಟಿಬಿ ರೋಗಿಗೆ ಆಹಾರಕ್ಕೆ ಅಂತ ಸರ್ಕಾರ ಖಾತೆಗೆ ದುಡ್ಡು ಹಾಕುತ್ತೆ, ಹಾಗೇ ಇಂಥವರ ಮೊಟ್ಟೆಗೂ ಹಾಕಲಿ. ಕಂಟ್ರಾಕ್ಟರ್ ಇಎಸ್ಐ ಹಿಡ್ಕೊಂಡು ಕಾರ್ಡ್ ಕೊಡದೆ ಇದ್ದರೆ, ಹೊಟ್ಟೆ ಒಡೆಯೋವರೆಗೂ ಕಾಯದೆ ಇವತ್ತೇ ದೂರು ಕೊಡಿ. ಸಂಬಳದ ಚೀಟಿ ಇಟ್ಕೊಳ್ಳಿ.

ಮತ್ತೆ ಇದನ್ನ ನೆನಪಿಟ್ಕೊಳ್ಳಿ: ಹೊಟ್ಟೆನೋವು ಒಂದು ದಿನ ದಾಟಿ ಬಲಗಡೆ ಕೆಳಗೆ ಇಳಿದರೆ, ಜ್ವರ-ವಾಂತಿ ಜೊತೆಗಿದ್ರೆ ಗ್ಯಾಸ್ಟ್ರಿಕ್ ಇಂಜೆಕ್ಷನ್ ನಂಬಬೇಡಿ. ಮೂತ್ರದಲ್ಲಿ ಗುಳ್ಳೆ ಗುಳ್ಳೆಯಾಗಿ ಗಾಳಿ ಬಂದರೆ, ಯೋನಿಯಲ್ಲಿ ಮಲದ ವಾಸನೆ ಬಂದರೆ, ಹಳೇ ಹೊಲಿಗೆಯಿಂದ ಮಲ ಬಂದರೆ ಮುಚ್ಚಿಡಬೇಡಿ. ಅದಕ್ಕೆ ಚಿಕಿತ್ಸೆ ಇದೆ. ನಿಮ್ಮ ಕೇರಿಯಲ್ಲಿ ಅಂಥವರು ಯಾರಾದ್ರೂ ಮೂಲೆ ಹಿಡಿದಿದ್ರೆ ನನಗೆ ಇನ್‌ಬಾಕ್ಸ್ ಮಾಡಿ. ಚೀಲ ಹಾಕೋದು ಹೇಗೆ ಅಂತ ಅಮ್ಮ ಬಂದು ಕಲಿಸ್ತಾಳೆ. ಈಗಾಗಲೇ ಮೂರು ಮನೆಗೆ ಹೋಗಿ ಕಲಿಸಿ ಬಂದಿದ್ದಾಳೆ. ಸಂಬಳಕ್ಕೂ ಅಲ್ಲ, ಭಯಕ್ಕೂ ಅಲ್ಲ.

ಮೊನ್ನೆ ಚೆಕಪ್‌ಗೆ ಅಂತ ಅಣ್ಣನ ಜೊತೆ ಮಾರಿಕುಪ್ಪಂನಲ್ಲಿ ರೈಲು ಹತ್ತಿದೆ. ಅವನು ಕುಸಿದು ಬಿದ್ದಿದ್ದು ಇಂಥದ್ದೇ ರೈಲಿನಲ್ಲಿ. ಬಂಗಾರಪೇಟೆಯಲ್ಲಿ ಜನ ನುಗ್ಗಿದಾಗ ಹೊಟ್ಟೆ ಮೇಲೆ ಕೈ ಅಡ್ಡ ಇಟ್ಕೊಂಡು ನಿಂತ. ಒಬ್ಬ ಹುಡುಗ ಎದ್ದು "ಕೂತ್ಕೊಳಿ ಅಣ್ಣ" ಅಂದ. ಅಣ್ಣ ಕೂತ್ಕೊಂಡ, ಪಕ್ಕ ಸರಿದು ಆ ಹುಡುಗನಿಗೂ ಜಾಗ ಮಾಡಿಕೊಟ್ಟ. ಇಬ್ಬರೂ ಮೈಗೆ ಮೈ ಅಂಟಿಸಿಕೊಂಡು ಬೆಂಗಳೂರಿನವರೆಗೂ ಕೂತು ಬಂದರು.

ಜೈಭೀಮ್.